ಗಂಟಲಲ್ಲಿ ಕೀವು: ಸಿ.ಟಿ. ಸ್ಕ್ಯಾನ್ ಯಾವಾಗ ಬೇಕು?

ಸುಗ್ಗಿಯ ದಿನಗಳು. ನವಲಗುಂದ ಕಡೆಯ ಹಳ್ಳಿಯೊಂದರ ಯುವಕನಿಗೆ ಗಂಟಲು ನೋವು ಬಂದಿದೆ ಎಂದುಕೊಳ್ಳಿ. ಕಡಲೆ ರಾಶಿ ಮುಗಿಯಲಿ ಎಂದು ನಾಲ್ಕು ದಿನ ತಳ್ಳುತ್ತಾನೆ. ಅಂಗಡಿಯಿಂದ ತಂದ ಎರಡು ಗುಳಿಗೆ ನುಂಗುತ್ತಾನೆ. ಐದನೆಯ ದಿನ ನೋವು ಒಂದೇ ಬದಿಗೆ ನಿಂತು ಕಿವಿಯವರೆಗೂ ಸೆಳೆಯುತ್ತದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಉಗುಳು ನುಂಗಲಾರದೆ ಜೊಲ್ಲು ಒರೆಸಿಕೊಳ್ಳುತ್ತಾ ದವಾಖಾನೆಗೆ ಬರುತ್ತಾನೆ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಮಾತನಾಡುತ್ತಾನೆ. ಜೊತೆಗೆ ಬಂದ ಹಿರಿಯರ ಮೊದಲ ಪ್ರಶ್ನೆ: ‘ಹುಬ್ಬಳ್ಳಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಬಿಡೂಣೇನ್ರಿ ಡಾಕ್ಟರ್?’

ಹುಬ್ಬಳ್ಳಿಗೆ ಹೋಗಲೇಬೇಕು. ಆದರೆ ಸ್ಕ್ಯಾನ್ ಎಲ್ಲರಿಗೂ ಬೇಕಾಗಿಲ್ಲ.

ಇದು ಯಾವ ಬೇನೆ?

ಗಂಟಲಿನ ಎರಡೂ ಬದಿಗೆ ಇರುವ ಗ್ರಂಥಿಗಳೇ ಟಾನ್ಸಿಲ್. ಇವುಗಳ ಸೋಂಕು ಹೊರಪದರವನ್ನು ದಾಟಿ ಪಕ್ಕದ ಸಡಿಲ ಜಾಗದಲ್ಲಿ ಕೀವು ಕೂಡಿಸಿದರೆ ಅದು ಟಾನ್ಸಿಲ್ ಪಕ್ಕದ ಕುರು. ವೈದ್ಯರು ಇದನ್ನು ‘ಕ್ವಿನ್ಸಿ’ ಎನ್ನುತ್ತಾರೆ. ಹದಿಹರೆಯದವರಲ್ಲಿ, ಯುವಕರಲ್ಲಿ ಹೆಚ್ಚು. ಸಾಮಾನ್ಯವಾಗಿ ಒಂದೇ ಬದಿಗೆ ಬರುತ್ತದೆ.

ಟಾರ್ಚಿನ ಬೆಳಕೇ ಮೊದಲ ಪರೀಕ್ಷೆ

ಬಾಯಿ ತೆರೆಯಲು ಸಾಧ್ಯವಾದರೆ ಒಂದು ಟಾರ್ಚು, ಒಂದು ನಾಲಿಗೆ ಪಟ್ಟಿ ಸಾಕು. ಟಾನ್ಸಿಲ್ ಮೇಲಿನ ಮೃದು ಅಂಗುಳ ಒಂದು ಬದಿಗೆ ಉಬ್ಬಿ ಕೆಂಪಾಗಿರುತ್ತದೆ. ಕಿರುನಾಲಿಗೆ ಎದುರು ಬದಿಗೆ ಸರಿದಿರುತ್ತದೆ. ಕಿವಿ, ಮೂಗು, ಗಂಟಲು ತಜ್ಞರು ಆ ಜಾಗವನ್ನು ಮರಗಟ್ಟಿಸಿ ಸೂಜಿಯಿಂದ ಎಳೆದಾಗ ಕೀವು ಬಂದರೆ ರೋಗ ಖಚಿತ. ಅದೇ ಚಿಕಿತ್ಸೆಯ ಮೊದಲ ಹೆಜ್ಜೆಯೂ ಹೌದು. ಕೀವು ಹೊರಬಂದೊಡನೆ ರೋಗಿಗೆ ಎಷ್ಟೋ ಹಗುರವಾಗುತ್ತದೆ. ಜೊತೆಗೆ ಆಂಟಿಬಯಾಟಿಕ್ ಚುಚ್ಚುಮದ್ದು, ಸಲೈನ್ ಬೇಕಾಗುತ್ತದೆ.

ಸಿ.ಟಿ. ಏನು ತೋರಿಸುತ್ತದೆ?

ಸಾಮಾನ್ಯ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಕೀವು ಸ್ಪಷ್ಟವಾಗಿ ಕಾಣದು. ಸಿ.ಟಿ. ಯಂತ್ರ ಸುತ್ತಲೂ ಎಕ್ಸ್‌ರೇ ಹಾಯಿಸಿ, ಕುತ್ತಿಗೆಯನ್ನು ಸೌತೆಕಾಯಿ ಬಿಲ್ಲೆಗಳಂತೆ ಹೋಳು ಹೋಳಾಗಿ ಚಿತ್ರಿಸುತ್ತದೆ. ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ಮೊದಲ ರೋಗಿಯ ಪರೀಕ್ಷೆ ನಡೆದದ್ದು 1971ರಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಕೊಟ್ಟು ಚಿತ್ರ ತೆಗೆದಾಗ ಕೀವಿನ ಗುಂಡಿ ಕಪ್ಪಾಗಿಯೂ ಅದರ ಅಂಚು ಬೆಳ್ಳಗೆ ಬಳೆಯಂತೆಯೂ ಕಾಣುತ್ತದೆ. ಕೀವು ಎಷ್ಟು ಆಳಕ್ಕೆ ಇಳಿದಿದೆ, ಶ್ವಾಸದ ದಾರಿ ಎಷ್ಟು ಕಿರಿದಾಗಿದೆ ಎಂಬುದೂ ತಿಳಿಯುತ್ತದೆ.

ಯಾರಿಗೆ ಬೇಕು?

1. ದವಡೆ ಬಿಗಿದು ಗಂಟಲು ನೋಡಲಾಗದವರಿಗೆ.
2. ಕುತ್ತಿಗೆಯ ಹೊರಗೂ ಬಾವು ಬಂದವರಿಗೆ, ಕುತ್ತಿಗೆ ಹೊರಳಿಸಲಾಗದವರಿಗೆ.
3. ಸೂಜಿ ಹಾಕಿದರೂ ಕೀವು ಸಿಗದವರಿಗೆ, ಕೀವು ತೆಗೆದು ಒಂದೆರಡು ದಿನವಾದರೂ ಜ್ವರ, ನೋವು ಇಳಿಯದವರಿಗೆ.
4. ಸಹಕರಿಸದ ಚಿಕ್ಕ ಮಕ್ಕಳಲ್ಲಿ, ಸೋಂಕು ಆಳಕ್ಕೆ ಇಳಿದ ಅನುಮಾನವಿರುವ ಮಧುಮೇಹಿಗಳಲ್ಲಿ, ತಜ್ಞರು ಅಗತ್ಯವೆಂದಾಗ.

ಸ್ಕ್ಯಾನಿಗೂ ಮಿತಿಗಳಿವೆ. ಕೀವು ಇನ್ನೂ ಕೂಡದ ಬರಿಯ ಬಾವು ಕೆಲವೊಮ್ಮೆ ಕೀವಿನಂತೆ ಕಾಣಬಹುದು. ವಿಕಿರಣವೂ ಇದೆ, ಆದ್ದರಿಂದ ಗರ್ಭಿಣಿಯರು ಮೊದಲೇ ತಿಳಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು, ಈ ಔಷಧಿಯಿಂದ ಹಿಂದೆ ಮೈಮೇಲೆ ದದ್ದು ಎದ್ದವರು, ಮೆಟ್‌ಫಾರ್ಮಿನ್ ಗುಳಿಗೆ ನುಂಗುವ ಮಧುಮೇಹಿಗಳು ಅದನ್ನು ಹೇಳಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನಿಗೆ ಅಂಗಾತ ಮಲಗಬೇಕು. ಉಸಿರು ಕಟ್ಟುತ್ತಿರುವವರನ್ನು ಹಾಗೆ ಮಲಗಿಸುವುದು ಅಪಾಯ. ಅಂಥವರಿಗೆ ಮೊದಲು ಶ್ವಾಸದ ದಾರಿ ಭದ್ರವಾಗಬೇಕು, ಸ್ಕ್ಯಾನ್ ಆಮೇಲೆ.

ಹಳ್ಳಿಯವರು ಏನು ಮಾಡಬೇಕು?

ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದ ಈ ನಾಲ್ಕೂ ಊರುಗಳಿಗೆ ಹುಬ್ಬಳ್ಳಿ ದೂರವಲ್ಲ. ಜನ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಲ್ಲಿದೆ. ಸಿ.ಟಿ. ಸ್ಕ್ಯಾನ್ ಚೀಟಿಗಾಗಿ ಕೇಂದ್ರದಿಂದ ಕೇಂದ್ರಕ್ಕೆ ಅಲೆದು ದಿನ ಕಳೆಯುವ ಬದಲು ನೇರವಾಗಿ ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಿ. ಸ್ಕ್ಯಾನ್ ಬೇಕೋ ಬೇಡವೋ ಎಂಬುದನ್ನು ಅವರು ನಿರ್ಧರಿಸಲಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಬೆರಳು ಹಾಕಿ ಗಂಟಲು ಒತ್ತಿಸುವುದು, ಮನೆಯಲ್ಲಿ ಸೂಜಿಯಿಂದ ಚುಚ್ಚುವುದು ಖಂಡಿತ ಬೇಡ. ಟಾನ್ಸಿಲ್ ಹಿಂದೆ ಸುಮಾರು ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ತುಸು ಹಿತವಾದೀತು, ಕೂಡಿದ ಕೀವು ಹೋಗದು.

ಉಸಿರಾಡುವಾಗ ಸದ್ದು ಬಂದರೆ, ಉಗುಳೂ ನುಂಗಲಾಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ರೋಗಿ ಕುಳಿತೇ ಇರಲಿ, ಮಲಗಿಸಬೇಡಿ.

ಗುಣವಾದ ಮೇಲೆ ಮಾತ್ರೆಗಳನ್ನು ಅರ್ಧಕ್ಕೆ ಬಿಡಬೇಡಿ. ಮತ್ತೆ ಮತ್ತೆ ಕುರು ಆಗುವವರು ಟಾನ್ಸಿಲ್ ತೆಗೆಸುವ ಬಗ್ಗೆ ತಜ್ಞರನ್ನು ಕೇಳಬೇಕು. ರಾಶಿ ಎರಡು ದಿನ ತಡವಾದರೂ ನಡೆಯುತ್ತದೆ. ಒಂದೇ ಬದಿಯ ಗಂಟಲು ನೋವಿನೊಡನೆ ಬಾಯಿ ಬಿಗಿದರೆ ಒಂದು ದಿನವೂ ತಡ ಮಾಡಬಾರದು.