ಹಲವು ಕೊರಳು, ಒಂದೇ ಗಾನ

ಸ್ಪರ್ಧೆಯೆಂದ ಮೇಲೆ ಒಬ್ಬರು ಮುಂದೆ ಬರಲೇಬೇಕು, ಉಳಿದವರು ಹಿಂದೆ ಸರಿಯಲೇಬೇಕು. ಮೇಳಗಾನವಾದರೋ ಯಾರೊಬ್ಬರ ಕಂಠವೂ ಇತರರನ್ನು ಮೀರಿ ಕೇಳಿಸಬಾರದೆಂದು ಬಯಸುವ ಕಲೆ. ಸ್ವಭಾವದಲ್ಲಿ ಒಂದಕ್ಕೊಂದು ಎದುರಾದ ಇವೆರಡನ್ನೂ ಒಂದೇ ವೇದಿಕೆಯ ಮೇಲೆ ತಂದು, ದೂರದರ್ಶನದ ಮೂಲಕ ಹಲವು ದೇಶಗಳ ಮನೆಮನೆಗೆ ತಲುಪಿಸುವ ಪ್ರಯತ್ನವೊಂದು 2017ರ ಜುಲೈ 22ರಂದು ಲಾಟ್ವಿಯಾದ ರಾಜಧಾನಿ ರೀಗಾ ನಗರದಲ್ಲಿ ನಡೆಯಿತು. ‘ಯೂರೋವಿಷನ್ ಕ್ವಾಯರ್ ಆಫ್ ದಿ ಇಯರ್’ ಎಂಬ ಹೆಸರಿನ ಆ ಸ್ಪರ್ಧೆಯಲ್ಲಿ 9 ನಾಡುಗಳ ಗಾಯನವೃಂದಗಳು ಭಾಗವಹಿಸಿದ್ದವು.

1956ರಿಂದ ನಡೆದು ಬಂದಿರುವ ಯೂರೋವಿಷನ್ ಗೀತಸ್ಪರ್ಧೆಯ ಹೆಸರನ್ನು ಓದುಗರಲ್ಲಿ ಅನೇಕರು ಕೇಳಿರಬಹುದು. ಅಲ್ಲಿ ತಾರೆಯರ ಮೆರುಗು, ಬೆಳಕಿನ ಬೆಡಗು, ವೀಕ್ಷಕರ ಮತಗಳ ಭರಾಟೆ. ಅದೇ ಬಳಗಕ್ಕೆ ಸೇರಿದ ಈ ಕಿರಿಯ ಸ್ಪರ್ಧೆಯ ನಿಯಮಗಳೇ ಬೇರೆ. ಹಾಡುವವರು ವೃತ್ತಿಪರ ಗಾಯಕರಾಗಿರಬಾರದು. ವಾದ್ಯಗಳ ಆಸರೆ ಇರಬಾರದು. 2017ರಲ್ಲಿ ಪ್ರತಿ ವೃಂದಕ್ಕೂ ದೊರೆತ ಕಾಲಾವಕಾಶ ಹೆಚ್ಚೆಂದರೆ 6 ನಿಮಿಷ. ವೀಕ್ಷಕರ ಮತದಾನವಿಲ್ಲ, ತೀರ್ಪು ಸಂಗೀತಜ್ಞರದೇ. ರೀಗಾದಲ್ಲಿ ತೀರ್ಪುಗಾರರಾಗಿದ್ದವರು ಲಾಟ್ವಿಯಾದ ಪ್ರಖ್ಯಾತ ಆಪೆರಾ ಗಾಯಕಿ ಎಲೀನಾ ಗರಾಂಚಾ, ಕ್ರಿಸ್‌ಮಸ್ ಗೀತೆಗಳಿಂದ ಜಗತ್ತಿನ ಚರ್ಚುಗಳಿಗೆಲ್ಲ ಪರಿಚಿತರಾದ ಇಂಗ್ಲೆಂಡಿನ ಸಂಯೋಜಕ ಜಾನ್ ರಟ್ಟರ್ ಹಾಗೂ ಗಾಯನವೃಂದಗಳ ನಿರ್ದೇಶಕ ನಿಕೋಲಾಸ್ ಫಿಂಕ್. ವಾದ್ಯರಹಿತ ಗಾಯನಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ‘ಆ ಕಪೆಲ್ಲಾ’ ಎಂದು ಹೆಸರು. ಇಟಾಲಿಯನ್ ಭಾಷೆಯ ಈ ಮಾತಿನ ಅರ್ಥ ‘ಪ್ರಾರ್ಥನಾಲಯದ ರೀತಿಯಲ್ಲಿ’ ಎಂಬುದು ಇಲ್ಲಿ ಉಲ್ಲೇಖನೀಯ.

ಅಂದು ಪ್ರಥಮ ಸ್ಥಾನ ಪಡೆದದ್ದು ಸ್ಲೊವೇನಿಯಾದ ಕ್ರಾನ್ಯ್ ನಗರದ ಮಹಿಳಾ ವೃಂದ ‘ಕಾರ್ಮೆನ್ ಮಾನೆತ್’. ಲ್ಯಾಟಿನ್ ಭಾಷೆಯ ಈ ಹೆಸರಿಗೆ ‘ಗೀತೆ ಉಳಿಯುತ್ತದೆ’ ಎಂದರ್ಥ. ದ್ವಿತೀಯ ಸ್ಥಾನ ವೇಲ್ಸಿನ ಬಾಲಕಿಯರ ವೃಂದಕ್ಕೂ ತೃತೀಯ ಸ್ಥಾನ ಆತಿಥೇಯ ಲಾಟ್ವಿಯಾದ ‘ಸ್ಪೀಗೋ’ ಮಹಿಳಾ ವೃಂದಕ್ಕೂ ಸಂದವು.

ಈ ಮೂರು ನಾಡುಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಮನಸ್ಸನ್ನು ಸೆಳೆಯುತ್ತದೆ. ಸ್ಲೊವೇನಿಯಾ ಮತ್ತು ಲಾಟ್ವಿಯಾಗಳ ಜನಸಂಖ್ಯೆ ತಲಾ ಸುಮಾರು 20 ಲಕ್ಷ ಮಾತ್ರ. ಬ್ರಿಟನ್ನಿನ ಭಾಗವಾದ ವೇಲ್ಸಿನಲ್ಲಿ ವೆಲ್ಷ್ ಭಾಷೆಯನ್ನು ಬಲ್ಲವರು 2021ರ ಜನಗಣತಿಯಂತೆ ಸುಮಾರು 5 ಲಕ್ಷ 38 ಸಾವಿರ. ಹಿರಿಯ ಗೀತಸ್ಪರ್ಧೆಯಲ್ಲಿ ಬ್ರಿಟನ್ನಿನ ಹೆಸರಿನೊಳಗೇ ಅಡಗಿರುವ ಆ ನಾಡು, ತನ್ನ ನುಡಿಯ ದೂರದರ್ಶನ ವಾಹಿನಿಯಾದ ಎಸ್‌4ಸಿಯ ಮೂಲಕ ಇಲ್ಲಿ ಸ್ವಂತ ಹೆಸರಿನಲ್ಲಿ ನಿಂತಿತು. ಮುಂದೆ 2019ರ ಆಗಸ್ಟ್ 3ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದ ಎರಡನೆಯ ಸ್ಪರ್ಧೆಗೆ ಸ್ಕಾಟ್‌ಲ್ಯಾಂಡ್ ಸಹ ಗೇಲಿಕ್ ವಾಹಿನಿಯ ಮೂಲಕ ಬಂದಿತು. 10 ವೃಂದಗಳು ಹಾಡಿದ ಆ ಬಾರಿ ಗೆದ್ದದ್ದು ಡೆನ್ಮಾರ್ಕಿನ ‘ವೋಕಲ್ ಲೈನ್’. ಸಂತೆಯ ಗದ್ದಲದಲ್ಲಿ ಕೇಳಿಸದೆ ಹೋಗುವ ಸಣ್ಣ ಭಾಷೆಗಳಿಗೆ ಮೇಳಗಾನವು ಕೊರಳಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ಸ್ಪರ್ಧೆ ರೀಗಾದಲ್ಲಿ ನಡೆದದ್ದೂ ಅರ್ಥಪೂರ್ಣವೇ. ಲಾಟ್ವಿಯಾದ ಪ್ರಥಮ ಗೀತೋತ್ಸವ ಜರುಗಿದ್ದು ಅದೇ ನಗರದಲ್ಲಿ, 1873ರಲ್ಲಿ. ಸೋವಿಯತ್ ಆಳ್ವಿಕೆಯ ಕಾಲದಲ್ಲಿಯೂ ಆ ಪರಂಪರೆ ಕಡಿದುಹೋಗಲಿಲ್ಲ. 1985ರ ಉತ್ಸವದಲ್ಲಿ ಯಾಜೆಪ್ಸ್ ವೀಟೊಲ್ಸ್ ಸಂಯೋಜಿಸಿದ ‘ಬೆಳಕಿನ ಕೋಟೆ’ ಎಂಬ ಅರ್ಥದ ಗೀತೆಯನ್ನು ಕಾರ್ಯಕ್ರಮದಿಂದ ಕೈಬಿಡಲಾಗಿತ್ತು. ನಾಡಿನ ಬಿಡುಗಡೆಯ ಕನಸು ಅದರಲ್ಲಿ ಅಡಗಿತ್ತು. ಆದರೆ ಜನರ ಒತ್ತಾಯವನ್ನು ತಡೆಯಲಾಗಲಿಲ್ಲ. ಹಿರಿಯ ನಿರ್ದೇಶಕ ಹರಾಲ್ಡ್ಸ್ ಮೆಡ್ನಿಸ್ ಅವರ ಕೈಸನ್ನೆಗೆ ಸಾವಿರಾರು ಕೊರಳುಗಳು ಅದನ್ನು ಹಾಡಿಯೇ ಬಿಟ್ಟವು. ಆರು ವರ್ಷಗಳ ಬಳಿಕ, 1991ರಲ್ಲಿ, ಲಾಟ್ವಿಯಾ ಮರಳಿ ಸ್ವತಂತ್ರವಾಯಿತು. ಒಬ್ಬ ಗಾಯಕನ ಬಾಯಿ ಮುಚ್ಚಿಸುವುದು ಸುಲಭ. ಒಟ್ಟಾಗಿ ಹಾಡುವ ಜನರನ್ನು ಸುಮ್ಮನಾಗಿಸುವುದು ಸುಲಭವಲ್ಲ.

ಹೀಗಿದ್ದರೂ ಈ ಬಗೆಯ ಸ್ಪರ್ಧೆಯ ಬಗ್ಗೆ ಒಂದು ಸಂದೇಹ ಉಳಿಯುತ್ತದೆ. ಕಿರುತೆರೆಗೆ ಮುಖಗಳು ಬೇಕು, ಚಲನೆ ಬೇಕು. ಮೇಳಗಾನಕ್ಕೆ ಬೇಕಾದದ್ದು ಕಿವಿ. ದೀರ್ಘವಾದ ಸ್ವರವೊಂದನ್ನು ಹಿಡಿಯುವಾಗ ವೃಂದದವರೆಲ್ಲರೂ ಏಕಕಾಲಕ್ಕೆ ಉಸಿರೆಳೆದುಕೊಂಡರೆ ಗಾನ ಕಡಿಯುತ್ತದೆ. ಆದ್ದರಿಂದ ಅವರು ಸರದಿಯಂತೆ ಉಸಿರಾಡುತ್ತಾರೆ. ಒಬ್ಬರು ನಿಲ್ಲಿಸಿದ ಕ್ಷಣದಲ್ಲಿ ಪಕ್ಕದವರು ಸ್ವರವನ್ನು ಹೊತ್ತಿರುತ್ತಾರೆ. ಈ ಪರಸ್ಪರ ಆಧಾರವನ್ನು ಯಾವ ಕ್ಯಾಮೆರಾ ತೋರಿಸೀತು? ಅಂಕಗಳ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಎಲ್ಲಿದೆ?

ನಮ್ಮ ಮನೆಗಳ ಮಕ್ಕಳು ಇಂದು ಕಿರುತೆರೆಯಲ್ಲಿ ಹೆಚ್ಚಾಗಿ ಕಾಣುವುದು ಒಂಟಿ ಗಾಯನದ ಸ್ಪರ್ಧೆಗಳನ್ನು. ಪ್ರತಿಭೆಗೆ ಅವಕಾಶ ದೊರೆಯುವುದು ಸಂತೋಷದ ವಿಷಯವೇ. ಆದರೆ ಹಾಡುವುದೆಂದರೆ ಇತರರನ್ನು ಮೀರಿಸುವುದು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಬಾರದು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಕುರಿತು ಹೊರಡಿಸಿದ ಸಂವಿಧಾನವು, ಗಾಯನವೃಂದಗಳನ್ನು ಪ್ರೋತ್ಸಾಹಿಸಬೇಕೆಂದೂ ನೆರೆದ ಭಕ್ತಜನರೆಲ್ಲರೂ ಗಾಯನದಲ್ಲಿ ಪಾಲ್ಗೊಳ್ಳುವಂತಿರಬೇಕೆಂದೂ ಒಟ್ಟಿಗೇ ಹೇಳಿದೆ. ಒಂಟಿಯಾಗಿ ಹಾಡಿ ಬಹುಮಾನ ಗೆಲ್ಲಲಾರದ ಮಗುವಿಗೂ ವೃಂದದಲ್ಲಿ ಒಂದು ಸ್ಥಾನವಿದೆ. ಪಕ್ಕದವರ ಉಸಿರು ನಿಂತಾಗ ಸ್ವರವನ್ನು ಹೊರುವ ಹೊಣೆಯೂ ಇದೆ. ತಂದೆತಾಯಿಗಳು ಅಂಥ ಮಗುವನ್ನು ಧರ್ಮಕೇಂದ್ರದ ಗಾಯನವೃಂದದ ಅಭ್ಯಾಸಕ್ಕೆ ಕಳುಹಿಸಲಿ. ಅಲ್ಲಿ ಮೊದಲು ಕಲಿಯುವುದು ಹಾಡುವುದನ್ನಲ್ಲ, ಪಕ್ಕದವರ ಸ್ವರಕ್ಕೆ ಕಿವಿಗೊಡುವುದನ್ನು.