ಹಣ ಕೊಟ್ಟು ನಿಲ್ಲಿಸಿದ ನಾಟಕ

ನಗೆನಾಟಕವೊಂದಕ್ಕೆ ಧರ್ಮಗುರುಗಳು ಅಂಜಿದ ಪ್ರಸಂಗವೊಂದು 1694ರಲ್ಲಿ ಕ್ವಿಬೆಕ್ ಪಟ್ಟಣದಲ್ಲಿ ನಡೆಯಿತು. ಇಂದಿನ ಕೆನಡಾ ದೇಶದಲ್ಲಿರುವ ಈ ಪಟ್ಟಣವು ಅಂದು ಫ್ರೆಂಚರ ವಸಾಹತಾಗಿದ್ದಿತು. ಗವರ್ನರ್ ಫ್ರಾಂತೆನಾಕನ ನಿವಾಸದಲ್ಲಿ ಆ ಚಳಿಗಾಲದಲ್ಲಿ ಕಾರ್ನೇಯ್, ರಸೀನ್ ಎಂಬ ಕವಿಗಳ ಗಂಭೀರ ನಾಟಕಗಳನ್ನು ಆಡಿದ್ದರು. ಮುಂದೆ ಆಡುವುದು ಮೋಲಿಯೇರನ ‘ತಾರ್ತೂಫ್’ ಎಂಬ ಸುದ್ದಿ ಹಬ್ಬಿದೊಡನೆ ಬಿಷಪ್ ಸ್ಯಾಂ ವಲಿಯೇ ಕಳವಳಗೊಂಡನು.

ಆ ನಾಟಕದಲ್ಲಿ ಅಂತಹುದೇನಿದ್ದಿತು? ಓರ್ಗೋನ್ ಎಂಬ ಸಿರಿವಂತ ಗೃಹಸ್ಥನು ತಾರ್ತೂಫ್ ಎಂಬ ಕಪಟಭಕ್ತನನ್ನು ಮನೆಯಲ್ಲಿಟ್ಟುಕೊಂಡು ಪೂಜಿಸುತ್ತಾನೆ. ಪರಸ್ಥಳದಿಂದ ಮರಳಿದವನಿಗೆ, ಹೆಂಡತಿಯು ಜ್ವರದಿಂದ ನರಳಿದಳೆಂದು ಮನೆಯ ದಾಸಿ ತಿಳಿಸಿದರೆ, ಅವನು ವಿಚಾರಿಸುವುದು ತಾರ್ತೂಫನ ಕ್ಷೇಮವನ್ನು! ಆ ಮಹಾಶಯನಾದರೋ ಎರಡು ಹಕ್ಕಿಗಳ ಮಾಂಸವನ್ನು ತಿಂದು ಸುಖವಾಗಿ ನಿದ್ರಿಸಿದ್ದನು. ಅದನ್ನು ಕೇಳಿಯೂ ಓರ್ಗೋನನು ಅವನಿಗಾಗಿಯೇ ಮರುಗುತ್ತಾನೆ. ಮಗಳನ್ನು ಕೊಡಲು ನಿಶ್ಚಯಿಸುತ್ತಾನೆ; ಆಸ್ತಿಯನ್ನೂ ಬರೆದುಕೊಡುತ್ತಾನೆ. ವಂಚಕನು ರಂಗದ ಮೇಲೆ ಬರುವುದು ಮೂರನೆಯ ಅಂಕದಲ್ಲಿ. ಅಷ್ಟರಲ್ಲಿ ಅವನ ಬಣ್ಣವೆಲ್ಲ ಪ್ರೇಕ್ಷಕರಿಗೆ ತಿಳಿದುಹೋಗಿರುತ್ತದೆ.

ಫ್ರಾನ್ಸಿನಲ್ಲಿಯೂ ಈ ನಾಟಕದ ಹಾದಿ ಸುಗಮವಾಗಿರಲಿಲ್ಲ. 1664ರಲ್ಲಿ ವರ್ಸೇಯ್ ಅರಮನೆಯಲ್ಲಿ ಮೊದಲ ಪ್ರಯೋಗವಾದ ಮೇಲೆ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಲಾಯಿತು. 1667ರಲ್ಲಿ ಹೆಸರು ಬದಲಿಸಿ ಆಡಿದರೆ ಮರುದಿನವೇ ಮತ್ತೆ ನಿಷೇಧ. 1669ರಲ್ಲಿ ಅನುಮತಿ ದೊರೆಯಿತು. ಓರ್ಗೋನನ ಪಾತ್ರವನ್ನು ಮೋಲಿಯೇರನೇ ವಹಿಸಿದ್ದನು.

ಕ್ವಿಬೆಕ್ಕಿನ ಬಿಷಪ್ಪನು ಡಾಂಭಿಕನೆಂದು ಭಾವಿಸಲಾಗದು. ಬಡವರಿಗಾಗಿ ಆಸ್ಪತ್ರೆಯನ್ನು ಸ್ಥಾಪಿಸಿದವನು ಅವನು. ಕಪಟಭಕ್ತನನ್ನು ನೋಡಿ ನಗಲು ಕಲಿತವರು ನಿಜಭಕ್ತನನ್ನು ಕಂಡೂ ನಕ್ಕಾರು ಎಂಬುದೇ ಅಂತಹ ಗುರುಗಳ ಅಂಜಿಕೆ. ಅವನು ನಾಟಕವನ್ನು ಖಂಡಿಸುವ ಆಜ್ಞಾಪತ್ರಗಳನ್ನು ಹೊರಡಿಸಿದನು. ಬಳಿಕ, ನಾಟಕವನ್ನು ಕೈಬಿಟ್ಟರೆ 100 ಪಿಸ್ತೋಲ್ ಹಣ ಕೊಡುವೆನೆಂದು ಗವರ್ನರನಿಗೆ ತಿಳಿಸಿದನು. ಫ್ರಾಂತೆನಾಕನು ಹಣವನ್ನು ಸ್ವೀಕರಿಸಿದನು, ನಾಟಕ ನಿಂತಿತು. ನಟಿಸಬೇಕಾಗಿದ್ದ ಸೈನ್ಯಾಧಿಕಾರಿಯೊಬ್ಬನು ಧರ್ಮನಿಂದೆಯ ಆರೋಪಕ್ಕೆ ಗುರಿಯಾಗಿ ಅದೇ ವರ್ಷ ಸೆರೆಮನೆಯನ್ನೂ ಕಂಡನು.

ಅಂತಹ ನಾಟಕವನ್ನು ಕನ್ನಡಕ್ಕೆ ರೂಪಾಂತರಿಸಿದವರು ‘ಹಗಲುಗನಸುಗಳು’ ಪ್ರಬಂಧಸಂಕಲನದ ಕರ್ತೃ ಎ. ಎನ್. ಮೂರ್ತಿರಾಯರು. ರೂಪಾಂತರವೆಂದರೆ ಬರಿಯ ಭಾಷಾಂತರವಲ್ಲ. ದೊಡ್ಡಬಳ್ಳಾಪುರದ ಮಗ್ಗಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು: ಹಾಸು ಹೊರನಾಡಿನದಾದರೂ ಹೊಕ್ಕು ನಮ್ಮದೇ ಆಗಿರಬೇಕು. ಮೂರ್ತಿರಾಯರು ನಾಟಕಕ್ಕಿಟ್ಟ ಹೆಸರು ‘ಆಷಾಢಭೂತಿ’. ಇದು ಪಂಚತಂತ್ರದ ಒಬ್ಬ ವಂಚಕನ ಹೆಸರು. ದೇವಶರ್ಮನೆಂಬ ಸಂನ್ಯಾಸಿಗೆ ಶಿಷ್ಯನಾಗಿ, ವಿನಯದಿಂದ ಸೇವೆ ಮಾಡಿ, ಗುರುವು ಟಗರುಗಳ ಕಾಳಗವನ್ನು ನೋಡುತ್ತ ಮೈಮರೆತಿದ್ದಾಗ ಅವನ ಹಣದ ಗಂಟಿನೊಡನೆ ಮಾಯವಾದವನು ಈತನೇ.