ಟ್ಯಾಂಕಿನ ಸಮುದ್ರಕ್ಕೆ ಯಾವ ಉಪ್ಪು?

ನಮ್ಮ ರೂಮಿಗೆ ಬರೋ ಫ್ರೆಂಡ್ಸ್ ಎಲ್ಲರೂ ಮೊದಲು ಟ್ಯಾಂಕ್ ಮುಂದೆ ನಿಂತು "ಅಯ್ಯೋ, ನೀಮೋ!" ಅಂತಾರೆ. ಆಮೇಲೆ ತಪ್ಪದೇ ಬರೋ ಪ್ರಶ್ನೆ: "ಇದಕ್ಕೆ ಅಡುಗೆ ಉಪ್ಪು ಹಾಕಿದ್ರೆ ಸಾಕಾ?"

ನಾವು ಮೂರು ಜನ ಸೇರಿ 60 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಒಂದು ವರ್ಷ ಆಗ್ತಾ ಬಂತು. ಅದರಲ್ಲಿ ಎರಡು ಕ್ಲೌನ್‌ಫಿಶ್, ಎರಡು ಬಸವನಹುಳು ಇವೆ. ಕೆಂಪು ಬಿಳಿ ಪಟ್ಟೆಯ ಒಂದು ಸೀಗಡಿಯೂ ಇತ್ತು. ಅದು ಸತ್ತಿದ್ದು ನಮ್ಮ ತಪ್ಪಿನಿಂದ, ಆ ತಪ್ಪು ಶುರುವಾಗಿದ್ದು ಉಪ್ಪು ಕೊಳ್ಳುವಾಗ. ಆ ಕಥೆಗೆ ಆಮೇಲೆ ಬರ್ತೀವಿ. ಮೊದಲು ಫ್ರೆಂಡ್ಸ್ ಕೇಳೋ ಪ್ರಶ್ನೆಗೆ ಉತ್ತರ.

ಅಡುಗೆ ಉಪ್ಪು ಯಾಕೆ ಸಾಲಲ್ಲ?

1 ಕೆಜಿ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ. ಕ್ಲೋರೈಡ್ 19.4 ಗ್ರಾಂ, ಸೋಡಿಯಂ 10.8, ಸಲ್ಫೇಟ್ 2.7, ಮೆಗ್ನೀಸಿಯಂ 1.3, ಕ್ಯಾಲ್ಸಿಯಂ 0.4, ಪೊಟ್ಯಾಸಿಯಂ 0.4. ಇವಲ್ಲದೆ ಬೈಕಾರ್ಬೊನೇಟ್, ಬ್ರೋಮೈಡ್, ಸ್ಟ್ರಾನ್ಷಿಯಂ ಹೀಗೆ ಸಣ್ಣ ಪುಟ್ಟ ಪಾಲುದಾರರು.

ಅಡುಗೆ ಉಪ್ಪು ಅಂದ್ರೆ ಸೋಡಿಯಂ ಮತ್ತು ಕ್ಲೋರೈಡ್. ಮೇಲಿನ ಲೆಕ್ಕದಲ್ಲಿ ಇವೆರಡೇ ಶೇಕಡಾ 86. ಇಂಟರ್ನಲ್ಸ್‌ನಲ್ಲಿ 86 ಬಂದ್ರೆ ನಾವು ಪಾರ್ಟಿ ಕೊಡ್ತೀವಿ, ಆದ್ರೆ ಮೀನಿನ ವಿಷಯದಲ್ಲಿ ಅದು ಫೇಲ್. ಬಸವನಹುಳು ಚಿಪ್ಪು ಕಟ್ಟೋಕೆ ಕ್ಯಾಲ್ಸಿಯಂ ಬೇಕು, ಕಾರ್ಬೊನೇಟ್ ಬೇಕು. ನೀರಿನ ಪಿಎಚ್ 8ರ ಆಸುಪಾಸು ನಿಲ್ಲೋಕೂ ಕಾರ್ಬೊನೇಟ್, ಬೈಕಾರ್ಬೊನೇಟ್ ಬೇಕು. ಮೀನಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯೋ ಬಫರ್ ಇಲ್ಲದಿದ್ರೆ ಪಿಎಚ್ ಇಳಿಯುತ್ತಾ ಹೋಗುತ್ತದೆ.

"ಹಂಗಾದ್ರೆ ಕಲ್ಲುಪ್ಪು? ಅದು ಸಮುದ್ರದಿಂದಲೇ ಬರೋದಲ್ವಾ?" ಒಳ್ಳೇ ಪ್ರಶ್ನೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳನ್ನು ನೀವು ನೋಡಿರಬಹುದು. ಸಮುದ್ರದ ನೀರು ಬಿಸಿಲಿಗೆ ಆವಿಯಾಗುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳಾಗಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ, ಆಮೇಲೆ ಸೋಡಿಯಂ ಕ್ಲೋರೈಡ್ ಕೂರುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಹೆಚ್ಚಿನ ಪಾಲು ಕೊನೆಗೆ ಉಳಿಯೋ ಕಹಿ ನೀರಿನಲ್ಲೇ ಹೊರಗೆ ಹೋಗುತ್ತದೆ. ಹಾಗಾಗಿ ಕಲ್ಲುಪ್ಪು ಕೂಡ ಬಹುಪಾಲು ಸೋಡಿಯಂ ಕ್ಲೋರೈಡೇ. ಅದನ್ನು ಮತ್ತೆ ನೀರಿಗೆ ಹಾಕಿದ್ರೆ ಸಮುದ್ರ ವಾಪಸ್ ಬರಲ್ಲ.

ನಮ್ಮ ಮೂವರಲ್ಲಿ ಒಬ್ಬ ಮಂಗಳೂರಿನವನು. "ಊರಿಂದ ಕ್ಯಾನಲ್ಲಿ ನೀರೇ ತರ್ತೇನೆ ಮಾರಾಯಾ" ಅಂದಿದ್ದ. ಆದ್ರೆ ಅಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿಗಳು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದುಹೋಗುತ್ತದೆ, ಜೊತೆಗೆ ಕೆಸರು, ಬಂದರಿನ ಎಣ್ಣೆ. ಪ್ರತಿ ವಾರ ಘಾಟಿ ಹತ್ತಿಸಿ ನೀರು ತರೋದೂ ಆಗದ ಮಾತು. ಆದ್ದರಿಂದ ಅಕ್ವೇರಿಯಂಗೆ ಅಂತಲೇ ಮಾಡಿದ ಉಪ್ಪಿನ ಮಿಶ್ರಣವೇ ದಾರಿ.

ಸಮುದ್ರದ ನಿಯಮ ಬಕೆಟ್‌ಗೆ ಅನ್ವಯಿಸಲ್ಲ

1872ರಿಂದ 1876ರವರೆಗೆ ಚಾಲೆಂಜರ್ ಅನ್ನೋ ಬ್ರಿಟಿಷ್ ಹಡಗು ಸಾಗರಗಳನ್ನು ಸುತ್ತಿ ನೀರಿನ ಮಾದರಿ ತಂದಿತು. ವಿಲಿಯಂ ಡಿಟ್‌ಮಾರ್ ಅವುಗಳಲ್ಲಿ 77 ಮಾದರಿಗಳನ್ನು ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಗರದಲ್ಲಿ ಒಟ್ಟು ಉಪ್ಪು ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆ ಆದರೂ ಮುಖ್ಯ ಅಯಾನುಗಳ ಪರಸ್ಪರ ಅನುಪಾತ ಹೆಚ್ಚುಕಡಿಮೆ ಒಂದೇ ಇರುತ್ತದೆ ಅನ್ನೋದು ಇದರಿಂದ ಗಟ್ಟಿಯಾಯಿತು. ಅಂದ್ರೆ ತೆರೆದ ಸಾಗರದಲ್ಲಿ ಕ್ಲೋರೈಡ್ ಒಂದನ್ನು ಅಳೆದರೆ ಉಳಿದ ಮುಖ್ಯ ಅಯಾನುಗಳನ್ನು ಲೆಕ್ಕ ಹಾಕಬಹುದು.

ಬಕೆಟ್ ಉಪ್ಪಿಗೆ ಈ ಅನುಕೂಲ ಇಲ್ಲ. ಅಲ್ಲಿ ಅನುಪಾತ ನಿರ್ಧರಿಸೋದು ಕಂಪನಿ. ಆಮೇಲೆ ಅದನ್ನು ಕೆಡಿಸೋದು ತೇವ, ಗೋಡೌನ್ ಮತ್ತು ನಾವು. ಒಟ್ಟು ಉಪ್ಪು ಸರಿ ಇದೆ ಅಂತ ಮೀಟರ್ ತೋರಿಸಿದ್ರೂ ಒಳಗಿನ ಕ್ಯಾಲ್ಸಿಯಂ, ಅಲ್ಕಲಿನಿಟಿ ಸರಿ ಇದೆ ಅಂತ ಅರ್ಥ ಅಲ್ಲ.

ನಮ್ಮ ಸೀಗಡಿ ಸತ್ತ ಕಥೆ

ಪೂರ್ತಿ ಬಕೆಟ್ ದುಬಾರಿ ಅಂತ ನಾವು ಒಂದು ಅಂಗಡಿಯಲ್ಲಿ ಬಿಡಿಯಾಗಿ ಕಟ್ಟಿಕೊಟ್ಟ 2 ಕೆಜಿ ಉಪ್ಪು ತಂದೆವು. ಲೇಬಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಮಳೆಗಾಲ ಬೇರೆ, ಅರ್ಧ ಉಂಡೆ ಕಟ್ಟಿತ್ತು. ಲೀಟರಿಗೆ 38 ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ ಕಲಸಿದೆವು. ಮುಳ್ಳು ಏಳೋ ಪ್ಲಾಸ್ಟಿಕ್ ಹೈಡ್ರೋಮೀಟರ್ 1.025 ಅಂತ ತೋರಿಸಿತು. ಖುಷಿಯಲ್ಲಿ ಒಂದೇ ಸಲ ಟ್ಯಾಂಕಿನ ಅರ್ಧ ನೀರು ಬದಲಾಯಿಸಿದೆವು.

ಮಾರನೇ ದಿನ ಸೀಗಡಿ ಮಗುಚಿ ಬಿದ್ದಿತ್ತು. ಬಸವನಹುಳುಗಳು ಚಿಪ್ಪಿನಿಂದ ಹೊರಗೇ ಬಂದಿರಲಿಲ್ಲ. ಮೀನುಗಳು ಮಾತ್ರ ಏನೂ ಆಗದವರಂತೆ ತಿಂಡಿ ಕೇಳ್ತಿದ್ದವು.

ರಿಫ್ರಾಕ್ಟೋಮೀಟರ್ ಇದ್ದ ಸೀನಿಯರ್ ಒಬ್ಬರ ಹತ್ತಿರ ಓಡಿದೆವು. ಬಕೆಟ್ಟಿನಲ್ಲಿ ಉಳಿದ ಹೊಸ ನೀರು 1.019, ಟ್ಯಾಂಕ್ 1.022. ಹಳೇ ನೀರು 1.025 ಇತ್ತು, ಎರಡರ ಸರಾಸರಿ ತೆಗೆದರೆ ಲೆಕ್ಕ ಸರಿಯಾಗಿ ಕೂರುತ್ತೆ. ತಪ್ಪುಗಳು ಆಗ ಒಂದೊಂದೇ ಕಂಡವು. ಒದ್ದೆ ಉಪ್ಪಿನಲ್ಲಿ ನಾವು ತೂಗಿದ್ದರಲ್ಲಿ ಒಂದು ಪಾಲು ನೀರೇ ಆಗಿತ್ತು. ಬಕೆಟ್ ತಳದಲ್ಲಿ ಕರಗದ ಉಂಡೆಗಳಿದ್ದವು. ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿ ಅದನ್ನು ಮೇಲಕ್ಕೆತ್ತಿ ಸುಳ್ಳು ರೀಡಿಂಗ್ ಕೊಟ್ಟಿತ್ತು.

ಮೀನು ಉಳಿದು ಸೀಗಡಿ ಯಾಕೆ ಸತ್ತಿತು? ಸಮುದ್ರದ ಮೀನಿನ ರಕ್ತದ ಲವಣಾಂಶ ಸಮುದ್ರದ ಸುಮಾರು ಮೂರನೇ ಒಂದು ಭಾಗ. ಹೊರಗಿನ ಉಪ್ಪು ನೀರನ್ನು ದೇಹದಿಂದ ಎಳೀತಾ ಇರುತ್ತದೆ, ಅದಕ್ಕೆ ಮೀನು ಸಮುದ್ರದ ನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ಉಪ್ಪು ತಿಂದೋರು ನೀರು ಕುಡೀಲೇಬೇಕು ಅನ್ನೋ ಗಾದೆ ಮೀನಿಗೆ ಅಕ್ಷರಶಃ ನಿಜ! ಈ ವ್ಯವಸ್ಥೆ ಇರೋದ್ರಿಂದ ಉಪ್ಪು ಸ್ವಲ್ಪ ಇಳಿದ್ರೂ ಅದು ತಡೆದುಕೊಳ್ಳುತ್ತದೆ. ಬೆನ್ನುಮೂಳೆ ಇಲ್ಲದ ಹೆಚ್ಚಿನ ಸಮುದ್ರಜೀವಿಗಳಲ್ಲಿ ಒಳಗಿನ ದ್ರವ ಹೊರಗಿನ ನೀರಿನ ಜೊತೆಗೇ ಏರಿಳಿಯುತ್ತದೆ. ಹಠಾತ್ ಬದಲಾವಣೆ ಅವುಗಳಿಗೆ ನೇರ ಪೆಟ್ಟು.

ಹಾಗಾದ್ರೆ ಯಾವುದನ್ನು ಆರಿಸೋದು?

ಬ್ರ್ಯಾಂಡ್ ಹೆಸರಿಗಿಂತ ಮುಂಚೆ ನಿಮ್ಮ ಟ್ಯಾಂಕಿನಲ್ಲಿ ಯಾರಿರ್ತಾರೆ ಅಂತ ತೀರ್ಮಾನಿಸಿ. ಆಮೇಲೆ ಲೇಬಲ್ಲಿನಲ್ಲಿ ಮೂರು ನಂಬರ್ ನೋಡಿ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಕಲಿನಿಟಿ. ಸಹಜ ಸಮುದ್ರದಲ್ಲಿ ಇವು ಸುಮಾರು 420 ಪಿಪಿಎಂ, 1300 ಪಿಪಿಎಂ ಮತ್ತು 7 ಡಿಕೆಎಚ್.

ಮಾರುಕಟ್ಟೆಯ ಉಪ್ಪುಗಳಲ್ಲಿ ಎರಡು ಗುಂಪು. ಒಂದು, ಸಮುದ್ರದ ಹತ್ತಿರ ಇರೋವು. ಇನ್ನೊಂದು, ಹವಳ ಬೆಳೆಸೋರಿಗೆ ಅಂತ ಕ್ಯಾಲ್ಸಿಯಂ ಅಥವಾ ಅಲ್ಕಲಿನಿಟಿ ಹೆಚ್ಚಿಸಿದವು. ರೆಡ್ ಸೀ ಕಂಪನಿಯದ್ದೇ ಎರಡು ಬಗೆ ಇವೆ. ನೀಲಿ ಬಕೆಟ್ಟಿನದರಲ್ಲಿ ಅಲ್ಕಲಿನಿಟಿ ಸುಮಾರು 8, ಕೋರಲ್ ಪ್ರೋದಲ್ಲಿ ಸುಮಾರು 12. ಇನ್‌ಸ್ಟಂಟ್ ಓಷನ್‌ನವರೂ ಸಾದಾ ಉಪ್ಪಿನ ಜೊತೆ ಕ್ಯಾಲ್ಸಿಯಂ ಹೆಚ್ಚಿಸಿದ ರೀಫ್ ಕ್ರಿಸ್ಟಲ್ಸ್ ಮಾರುತ್ತಾರೆ.

ಗಟ್ಟಿ ಹವಳಗಳು ಅಸ್ಥಿ ಕಟ್ಟುತ್ತಾ ಕ್ಯಾಲ್ಸಿಯಂ, ಕಾರ್ಬೊನೇಟನ್ನು ದಿನಾ ಖಾಲಿ ಮಾಡುತ್ತವೆ. ಅವಕ್ಕೆ ಎರಡನೇ ಗುಂಪು ಅರ್ಥಪೂರ್ಣ. ಆದರೆ ನೆನಪಿಡಿ, ನಮ್ಮ ದೇಶದ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಸಮುದ್ರದಿಂದ ಕಿತ್ತು ತರೋದು, ಮಾರೋದು ಅಪರಾಧ. ನಮ್ಮಂಥ ಸ್ಟೂಡೆಂಟ್ಸ್ ಇಡೋದು ಮೀನು, ಬಸವನಹುಳು ಅಷ್ಟೇ. ಅದಕ್ಕೆ ಸಾದಾ ಉಪ್ಪೇ ಸಾಕು, ಹೆಚ್ಚು ದುಡ್ಡು ಕೊಡೋ ಅಗತ್ಯ ಇಲ್ಲ.

ಇನ್ನೊಂದು ಮಾತು, ಉಪ್ಪಿನ ಬ್ರ್ಯಾಂಡ್ ಬದಲಾಯಿಸಿದ್ರೆ ಪ್ರಳಯ ಆಗಲ್ಲ. ಟ್ಯಾಂಕಿನ ಅಲ್ಕಲಿನಿಟಿ 8 ಇದ್ದು, ಹೊಸ ಉಪ್ಪಿನದು 12 ಅಂದುಕೊಳ್ಳಿ. ಶೇಕಡಾ 10 ನೀರು ಬದಲಿಸಿದ್ರೆ 8.4 ಆಗುತ್ತದೆ. ಶೇಕಡಾ 50 ಬದಲಿಸಿದ್ರೆ ಒಂದೇ ದಿನಕ್ಕೆ 10. ಸಣ್ಣ ಸಣ್ಣ ಬದಲಾವಣೆ ಮಾಡೋರನ್ನು ಈ ಲೆಕ್ಕವೇ ಕಾಪಾಡುತ್ತದೆ.

ಎಷ್ಟು ಕೊಳ್ಳಬೇಕು? 60 ಲೀಟರಿಗೆ ವಾರಕ್ಕೆ ಶೇಕಡಾ 10 ಅಂದ್ರೆ 6 ಲೀಟರ್. ಲೀಟರಿಗೆ 38 ಗ್ರಾಂನಂತೆ 228 ಗ್ರಾಂ, ವರ್ಷಕ್ಕೆ ಸುಮಾರು 12 ಕೆಜಿ. ಮೊದಲ ಸಲ ತುಂಬೋಕೆ ಇನ್ನೂ 2.3 ಕೆಜಿ. ಸೀಲ್ ಇರೋ ದೊಡ್ಡ ಪ್ಯಾಕ್ ತಗೊಂಡು ಮೂವರು ದುಡ್ಡು ಹಂಚಿಕೊಳ್ಳಿ. ತೆರೆದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ. ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರುತ್ತವೆ.

ಕಲಸುವಾಗ

ಯಾವ ಒಳ್ಳೇ ಉಪ್ಪನ್ನೂ ಕೆಟ್ಟ ನೀರು ಹಾಳು ಮಾಡಬಲ್ಲದು. ಗೀಸರ್ ಒಳಗೆ ಬಿಳಿ ಪದರ ಕಟ್ಟಿಸೋ ಬೋರ್‌ವೆಲ್ ನೀರನ್ನು ಬಳಸಿದ್ರೆ ಲೇಬಲ್ಲಿನ ನಂಬರುಗಳಿಗೆ ಅರ್ಥವೇ ಇರಲ್ಲ. ಆರ್‌ಒ ನೀರು ಬೇಕು. ಮನೆಯ ಕೆಲವು ಆರ್‌ಒ ಮಷೀನುಗಳಲ್ಲಿ ರುಚಿಗೆ ಅಂತ ಖನಿಜ ಸೇರಿಸ್ತಾರೆ ಇಲ್ಲವೇ ಮೂಲ ನೀರನ್ನೇ ಸ್ವಲ್ಪ ಬೆರೆಸ್ತಾರೆ. ಅದಕ್ಕೆ ಟಿಡಿಎಸ್ ಮೀಟರ್ ಹಾಕಿ ನೋಡಿ, ಸೊನ್ನೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೇದು.

ಬಕೆಟ್ಟಿಗೆ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಉಪ್ಪು. ಉಲ್ಟಾ ಮಾಡಿದ್ರೆ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹೊರಬಿದ್ದು ಬಿಳಿಯಾಗಿ ತಳ ಸೇರುತ್ತದೆ. ಪಂಪ್ ಹಾಕಿ ಪೂರ್ತಿ ತಿಳಿಯಾಗೋವರೆಗೆ ತಿರುಗಿಸಿ, ಆಮೇಲೆ ಅಳೆಯಿರಿ, ಗುರಿ 35 ಪಿಪಿಟಿ ಅಥವಾ 1.026.

ಅಳೆಯೋ ಸಾಧನವನ್ನೂ ಪರೀಕ್ಷಿಸಬೇಕು. ಇದಕ್ಕೆ ಲ್ಯಾಬ್ ಬೇಡ. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ಈ ದ್ರಾವಣದ ವಕ್ರೀಭವನ ಸೂಚ್ಯಂಕ 35 ಪಿಪಿಟಿ ಸಮುದ್ರದ ನೀರಿನಷ್ಟೇ ಇರುತ್ತದೆ, ರಿಫ್ರಾಕ್ಟೋಮೀಟರ್ 35 ತೋರಿಸಬೇಕು. ಅಡುಗೆ ಉಪ್ಪು ಕೊನೆಗೂ ಉಪಯೋಗಕ್ಕೆ ಬಂದಿದ್ದು ಇಲ್ಲೇ!

ಕೊನೆಯದಾಗಿ, ಟ್ಯಾಂಕಿನ ನೀರು ಆವಿಯಾಗಿ ಇಳಿದ್ರೆ ಬರೀ ಆರ್‌ಒ ನೀರು ತುಂಬಿ. ಆವಿಯಾಗೋದು ನೀರು, ಉಪ್ಪು ಅಲ್ಲೇ ಇರುತ್ತೆ.

ಈಗ ನಮ್ಮ ಬಕೆಟ್ ಮೇಲೆ ಒಂದು ಚೀಟಿ ಅಂಟಿಸಿದ್ದೀವಿ: ತಾರೀಖು, ಉಪ್ಪಿನ ತೂಕ, ರೀಡಿಂಗ್, ಅಲ್ಕಲಿನಿಟಿ. ನಾಲ್ಕೂ ಬರೆಯದೆ ಟ್ಯಾಂಕಿಗೆ ಒಂದು ಮಗ್ ನೀರೂ ಹಾಕಲ್ಲ. ಚೀಟಿ ನಾಲ್ಕು ತಿಂಗಳು ತಪ್ಪದೇ ತುಂಬಿದ್ರೆ ಮಾತ್ರ ಇನ್ನೊಂದು ಸೀಗಡಿ ತರೋದು ಅಂತ ಮೂವರೂ ಮಾತಾಡಿಕೊಂಡಿದ್ದೀವಿ. ಸದ್ಯಕ್ಕೆ ಎರಡೂವರೆ ತಿಂಗಳಾಗಿದೆ.